ಮೊದಲು ದಂಡ ತುಂಬಿ, ಆಮೇಲೆ ಮಾತಾಡಿ

ರಸ್ತೆಯಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ದಂಡ ಬಿದ್ದವರು ಕೊಡುವ ಮೇಲ್ಮನವಿಯನ್ನು ತೆಗೆದುಕೊಳ್ಳುವುದು, ಅದಕ್ಕೆ ಮೊಹರು ಹಾಕುವುದು, ಕಡತ ಕಟ್ಟಿ ಮೇಲೆ ಕಳಿಸುವುದು, ತಿರಸ್ಕಾರವಾಗಿ ಬಂದ ಆದೇಶವನ್ನು ಅದೇ ಜನರ ಕೈಗೆ ಇಡುವುದು. ನನ್ನ ನೌಕರಿಯ ಕೊನೆಯ ವರ್ಷಗಳೆಲ್ಲ ಇದರಲ್ಲೇ ಹೋದವು. ಕಚೇರಿಯ ಹೆಸರು ಬರೆಯುವುದಿಲ್ಲ. ನನ್ನ ಸಿಟ್ಟು ಹೆಸರಿನ ಮೇಲಲ್ಲ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೂ ಬರೆಯುವುದಿಲ್ಲ. ಆ ಶಾಲು ಗೂಡಿನಲ್ಲಿ ಬಿದ್ದಿದೆ, ಬೇಕಾದವರು ಒಯ್ಯಬಹುದು.

ಈಗ ಆ ಕುರ್ಚಿಗೆ ಹೊಸಬರು ಬಂದಿದ್ದಾರೆ. ಪರೀಕ್ಷೆ ಬರೆದು ಪಾಸಾದವರು, ಕಂಪ್ಯೂಟರ್ ಬಲ್ಲವರು, ನನಗಿಂತ ಜಾಣರು. ಆದರೆ ಮೊನ್ನೆ ಏನೋ ಕಾಗದಕ್ಕೆಂದು ಹೋದಾಗ ಅವರಲ್ಲೊಬ್ಬ ಕಿಟಕಿಯ ಆಚೆ ನಿಂತ ಮುದುಕನಿಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು. "ಮೊದಲ ದಂಡಾ ತುಂಬ್ರಿ ಅಜ್ಜಾರ, ಆಮ್ಯಾಲ ಮಾತಾಡ್ರಿ." ನನ್ನ ಮೈಯೆಲ್ಲ ಉರಿದುಹೋಯಿತು. ಅದು ನನ್ನದೇ ಮಾತು. ನಾನೇ ಆ ಕಚೇರಿಯಲ್ಲಿ ಬಿಟ್ಟು ಬಂದದ್ದು. ಮನೆಗೆ ಬಂದವನೇ ಇದನ್ನು ಬರೆಯಲು ಕೂತಿದ್ದೇನೆ.

ಆ ಮಾತನ್ನು ನನಗೆ ಕಲಿಸಿದವರು ದೇಸಾಯಿ ಅಣ್ಣಾರು. ನನಗಿಂತ ಮೊದಲು ಆ ಮೇಜಿನಲ್ಲಿದ್ದವರು. ಒಳ್ಳೆಯ ಮನುಷ್ಯ, ಯಾರ ಹತ್ತಿರವೂ ಚಹಾ ಸಹ ಕುಡಿದವರಲ್ಲ. ಮೇಜು ಒಪ್ಪಿಸುವ ದಿನ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು. "ಬಿರಾದಾರ, ಇಲ್ಲಿ ಬರಾವ್ರು ಎಲ್ಲಾರೂ ಸಿಟ್ಟಿಲೇ ಬರ್ತಾರ. ನೀ ವಾದಾ ಹಾಕಬ್ಯಾಡ. ಮೊದಲ ದಂಡಾ ತುಂಬ್ರಿ ಅನ್ನು. ಅರ್ಧಾ ಮಂದಿ ತುಂಬಿ ಹಂಗ ಮನಿಗೆ ಹೋಗ್ತಾರ. ಉಳದವ್ರು ಸಾಲಿನಾಗ ನಿಂತು ತಣ್ಣಗಾಗಿ ಬರ್ತಾರ. ಆವಾಗ ಅರ್ಜಿ ತಗೋ."

ನಾನು ತಲೆಯಾಡಿಸಿದೆ. ಅವರಿಗೆ ಇದನ್ನು ಯಾರು ಕಲಿಸಿದರು ಎಂದು ಕೇಳಲಿಲ್ಲ. ಮೇಜಿನ ಖಾನೆಯಲ್ಲಿ ನಿಯಮಗಳ ಪುಸ್ತಕ ಒಂದಿತ್ತು, ತೆಳ್ಳಗಿನದು. ಅದರ ಮೇಲೆ ದೇಸಾಯಿ ಅಣ್ಣಾರ ಚಹಾದ ಲೋಟದ ಗುರುತು ಇತ್ತು. ಆಮೇಲೆ ನನ್ನ ಲೋಟದ ಗುರುತೂ ಬಿತ್ತು. ನಾನದನ್ನು ತೆರೆದು ನೋಡಲಿಲ್ಲ. ಕೆಲಸ ಗೊತ್ತಿದ್ದವನಿಗೆ ಪುಸ್ತಕ ಯಾಕೆ ಎಂಬ ಸೊಕ್ಕು.

ನಮ್ಮ ಕಡೆಯ ಜನರ ಸ್ವಭಾವವೂ ಇದಕ್ಕೆ ಸರಿಯಾಗಿ ಕೂಡಿಕೊಂಡಿತು. ತಿಕೋಟಾ, ಬಬಲೇಶ್ವರದ ಕಡೆಯಿಂದ ಬರುವವರು ಕಚೇರಿಯ ಮೆಟ್ಟಿಲು ಹತ್ತುವಾಗಲೇ ಚಪ್ಪಲಿ ಬಿಡಲೋ ಬೇಡವೋ ಎಂದು ನೋಡುವವರು. ಸರ್ಕಾರದ ಬಾಕಿ ತಲೆಯ ಮೇಲೆ ಇಟ್ಟುಕೊಂಡು ತಕರಾರು ಮಾಡಿದರೆ ಮರ್ಯಾದೆ ಅಲ್ಲ ಎಂದು ತಿಳಿದವರು. 'ನಂದು ಬಾಕಿ ಏನೂ ಇಲ್ರಿ, ತುಂಬೀನಿ, ಈಗ ನನ್ನ ಮಾತ ಕೇಳ್ರಿ' ಎಂದು ಎದೆ ಸೆಟೆಸಿ ಹೇಳಬೇಕು ಅವರಿಗೆ. ನಾನು 'ಮೊದಲು ತುಂಬಿ' ಎಂದರೆ ಅವರಿಗೆ ಅದು ನ್ಯಾಯವಾಗಿಯೇ ಕಾಣುತ್ತಿತ್ತು. ತುಂಬಿ, ಪಾವತಿ ಚೀಟಿ ಹಿಡಿದು, ಅರ್ಜಿ ಕೊಟ್ಟು ಹೋಗುತ್ತಿದ್ದರು. ಎರಡು ಮೂರು ವಾರಕ್ಕೆ ಅರ್ಜಿ ತಿರಸ್ಕಾರವಾಗಿ ಬರುತ್ತಿತ್ತು. ಕೆಳಗೆ ಒಂದೇ ಸಾಲು: 'ನಿಯಮ ಏಳರ ಮೇರೆಗೆ ತಿರಸ್ಕರಿಸಿದೆ.' ಅರ್ಜಿಗಳ ಮೇಲೆ ಆದೇಶ ಹಾಕುವ ಸಾಹೇಬರು ಬಹಳ ಕಟ್ಟುನಿಟ್ಟು ಎಂದುಕೊಳ್ಳುತ್ತಿದ್ದೆ. ನಿಯಮ ಏಳು ಏನು ಹೇಳುತ್ತದೆ ಎಂದು ನೋಡಲು ಖಾನೆ ಎಳೆದರೆ ಸಾಕಿತ್ತು. ಎಳೆಯಲಿಲ್ಲ.

ಬಬಲೇಶ್ವರದ ಸಂಗಪ್ಪನ ವಿಷಯ ಹೇಳಬೇಕು. ಗೋಳಗುಮ್ಮಟದ ಹತ್ತಿರ ತಪ್ಪು ಜಾಗದಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಅವನ ಟ್ರ್ಯಾಕ್ಟರಿನ ಹೆಸರಿಗೆ ದಂಡ ಬಂದಿತ್ತು. ಕಿಟಕಿಗೆ ಬಂದು, "ಸಾಹೇಬ್ರ, ಅವತ್ತ ನನ್ನ ಟ್ರ್ಯಾಕ್ಟರ್ ದ್ರಾಕ್ಷಿ ತ್ವಾಟದಾಗ ಔಷಧಿ ಹೊಡ್ಯಾಕತ್ತಿತ್ರಿ. ಗೋಳಗುಮ್ಮಟ ನೋಡಾಕ ಅದೊಂದ ಹೊಂಟ ಬಂದಿತ್ತೇನ್ರಿ?" ಎಂದ. ನಾನು ನಕ್ಕೆ. ನಕ್ಕು, "ಮೊದಲ ತುಂಬಪಾ" ಎಂದೆ. ತುಂಬಿದ. ಚೀಟಿಯ ಕಾರ್ಬನ್ ಪ್ರತಿ ತರಿಸಿ ನೋಡಿದರೆ ಅದರಲ್ಲಿ ಬರೆದದ್ದು ಬಿಳಿ ಕಾರು. ಕಾರಿನ ನಂಬರಿನ ಒಂದು ಅಂಕಿ ಅಳಿಸಿತ್ತು, ದಾಖಲೆಗೆ ಏರಿಸಿದವನು ತನಗೆ ತೋಚಿದ್ದನ್ನು ಹಾಕಿದ್ದ. ಇಷ್ಟು ಸ್ಪಷ್ಟವಾದ ಪ್ರಕರಣ, ಗೆದ್ದೇ ಗೆಲ್ಲುತ್ತಾನೆ ಎಂದುಕೊಂಡು ಕಡತ ಕಳಿಸಿದೆ. ತಿರಸ್ಕಾರ. ನಿಯಮ ಏಳು.

ಸಂಗಪ್ಪ ಆದೇಶ ಓದಿಸಿಕೊಂಡು ಹೋದವನು ಮಾರನೆಯ ದಿನ ಟ್ರ್ಯಾಕ್ಟರನ್ನೇ ಹೊಡೆದುಕೊಂಡು ಬಬಲೇಶ್ವರದಿಂದ ಬಂದುಬಿಟ್ಟ. ಕಚೇರಿಯ ಮುಂದೆ ನಿಲ್ಲಿಸಿ, ನಮ್ಮನ್ನೆಲ್ಲ ಹೊರಗೆ ಕರೆದು, "ನೋಡ್ರೆಪಾ, ಕಣ್ಣ ತುಂಬ ನೋಡ್ರಿ. ಇದು ಕಾರ್ ಕಂಡಂಗ ಕಾಣ್ತೈತೇನ್ರಿ?" ಎಂದು ಕೇಳಿದ. ಕಚೇರಿಗೆ ಕಚೇರಿಯೇ ಬಿದ್ದು ಬಿದ್ದು ನಕ್ಕಿತು. ನಾವು ಒಳಗೆ ಹೋಗಿ ಸಾಹೇಬರಿಗೆ ಹೇಳಿ ಬರುವುದರೊಳಗೆ, ದಂಡ ಹಾಕುವ ಗುತ್ತಿಗೆದಾರನ ಕಡೆಯವನೊಬ್ಬ ಬಂದು ಕಚೇರಿಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿದ್ದಕ್ಕೆ ಇನ್ನೊಂದು ದಂಡದ ಚೀಟಿ ಅಂಟಿಸಿ ಹೋಗಿದ್ದ. ಸಂಗಪ್ಪ ಆ ಚೀಟಿ ಕಿತ್ತು ನನ್ನ ಕೈಗೆ ಕೊಟ್ಟ. "ನೀವ ಇಟ್ಕೋರಿ. ನಿಮಗ ಬೇಕಾಗ್ತೈತಿ" ಎಂದು ಹೇಳಿ ಟ್ರ್ಯಾಕ್ಟರ್ ಹತ್ತಿ ಹೋದ. ಈ ಕಥೆಯನ್ನು ನಾನು ಎಷ್ಟೋ ಮದುವೆಗಳಲ್ಲಿ ಪಂಕ್ತಿಯಲ್ಲಿ ಕೂತು ಹೇಳಿ ನಗಿಸಿದ್ದೇನೆ. ಈಗ ಅದನ್ನು ಹೇಳುವುದು ಬಿಟ್ಟಿದ್ದೇನೆ.

ನಾನಿದ್ದಾಗಲೇ ಪದ್ಧತಿ ಬದಲಾಯಿತು. ಮೊದಲು ಚೀಟಿ ಬರೆಯುವವನು ಕಾರ್ಬನ್ ಹಾಳೆ ಇಟ್ಟು ಬರೆದು, ಗಾಡಿಯವನು ಬಂದರೆ ಅವನ ಬೈಗುಳ ಕೇಳಿ, ಕೆಲವೊಮ್ಮೆ 'ಹೋಗ್ಲಿ ಬಿಡಪಾ' ಎಂದು ಹರಿದು ಹಾಕಿ ಹೋಗುತ್ತಿದ್ದ. ಆಮೇಲೆ ಮೊಬೈಲ್ ಬಂತು. ಫೋಟೋ ಹೊಡೆದರೆ ಮುಗಿಯಿತು, ದಂಡದ ಸಂದೇಶ ತಾನಾಗಿಯೇ ಮಾಲೀಕರಿಗೆ ಹೋಗುತ್ತದೆ. ಎಲ್ಲರೂ ಇದು ಪಾರದರ್ಶಕ ಎಂದರು. ಏನು ಪಾರದರ್ಶಕ? ಗುತ್ತಿಗೆದಾರನ ಜನ ನಂಬರ್ ಪ್ಲೇಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಫೋಟೋ ಹೊಡೆಯುತ್ತಾರೆ. ಫೋಟೋದಲ್ಲಿ ನಂಬರ್ ಇರುತ್ತದೆ, ಒಂದಿಷ್ಟು ಬಂಪರ್ ಇರುತ್ತದೆ. ಗಾಡಿ ಎಲ್ಲಿ ನಿಂತಿದೆ, ಅಲ್ಲಿ ಫಲಕ ಇದೆಯೋ ಇಲ್ಲವೋ, ಏನೂ ಕಾಣುವುದಿಲ್ಲ. ಆದರೂ ಮೇಲ್ಮನವಿ ಬಂದಾಗ 'ಫೋಟೋ ಸಾಕ್ಷ್ಯ ಲಭ್ಯವಿದೆ' ಎಂದು ನಾನೇ ಟಿಪ್ಪಣಿ ಬರೆಯುತ್ತಿದ್ದೆ.

ಇಂಥ ಟಿಪ್ಪಣಿಗಳ ಮೇಲೆ ಸಹಿ ಹಾಕುತ್ತಿದ್ದ ಸಾಹೇಬರು ಕೆಟ್ಟವರೇನಲ್ಲ. ಹೆದರುವವರು. ಒಂದು ಕಡತದಲ್ಲಿ ಯಾರಿಗಾದರೂ ಬೇಜಾರಾಗುವ ಮಾತು ಇದ್ದರೆ ಅದರ ಮೇಲೆ ಪೆನ್ಸಿಲ್‌ನಿಂದ 'ಚರ್ಚಿಸಿ' ಎಂದು ಬರೆದು ವಾಪಸ್ ಕಳಿಸುತ್ತಿದ್ದರು. ಚರ್ಚಿಸಲು ಹೋದರೆ ಮೀಟಿಂಗ್‌ನಲ್ಲಿರುತ್ತಿದ್ದರು. ಪೆನ್ಸಿಲ್ ಯಾಕೆಂದರೆ ಅಳಿಸಬಹುದು.

ನನ್ನ ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದಾಗ ರೇಣುಕಾ ಬಂದಳು. ಸೀರೆಯ ಮೇಲೆ ಖಾಕಿ ಅಂಗಿ, ಕೈಯಲ್ಲಿ ವ್ಯಾನಿನ ಕೀಲಿ. ತವರು ತಿಕೋಟಾ, ಇರುವುದು ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ. ಜಲನಗರದ ಒಂದು ಶಾಲೆಯ ಮಕ್ಕಳನ್ನು ತನ್ನ ಸ್ವಂತ ವ್ಯಾನಿನಲ್ಲಿ ಕರೆದೊಯ್ದು ಬಿಡುವ ಕೆಲಸ. ಹೆಣ್ಣುಮಗಳು ಗಾಡಿ ಹೊಡೆದರೆ ಮಕ್ಕಳನ್ನು ಕಳಿಸುವುದಿಲ್ಲ ಎಂದು ಕೂತಿದ್ದ ತಾಯಿ ತಂದೆಯರನ್ನು ಎರಡು ವರ್ಷದಲ್ಲಿ ಒಬ್ಬೊಬ್ಬರಾಗಿ ಒಲಿಸಿಕೊಂಡಿದ್ದಳು.

ಶಾಲೆಯ ಮಕ್ಕಳನ್ನು ಗೋಳಗುಮ್ಮಟ ತೋರಿಸಲು ಕರೆದೊಯ್ದ ದಿನ, ಅಲ್ಲಿನ ಅಂಗಡಿಗಳ ಸಾಲಿನ ಪಕ್ಕ ವ್ಯಾನ್ ನಿಲ್ಲಿಸಿ, ಮಕ್ಕಳನ್ನು ಇಳಿಸಿ, ಶಿಕ್ಷಕಿ ಒಬ್ಬಳೇ ಇದ್ದಾಳೆಂದು ಗೇಟಿನ ತನಕ ಜೊತೆಗೆ ಹೋಗಿ ಬಂದಿದ್ದಳು. ಬರುವುದರೊಳಗೆ ಮೊಬೈಲಿಗೆ ದಂಡದ ಸಂದೇಶ ಬಂದಿತ್ತು: ನಿಲುಗಡೆ ನಿಷೇಧವಿರುವ ಜಾಗ.

"ಸರ್ರ, ಅಲ್ಲಿ ನಿಷೇಧ ಅನ್ನೋ ಬೋರ್ಡ ನನಗ ಕಂಡಿಲ್ರಿ. ಬರೇ ಬ್ಯಾನರ್ ಐತ್ರಿ. ಯಾರದೋ ದೊಡ್ಡವ್ರ ಹುಟ್ಟಹಬ್ಬದ್ದು, ಈ ಕಂಬದಿಂದ ಆ ಕಂಬದ ತನಕ" ಎಂದಳು. ಫಲಕ ಆ ಬ್ಯಾನರಿನ ಹಿಂದೆ ಇದೆ ಎಂದು ನನಗೆ ಗೊತ್ತಿತ್ತು. ಆ ದಾರಿಯಲ್ಲಿ ದಿನಾ ಓಡಾಡುವ ಎಲ್ಲರಿಗೂ ಗೊತ್ತಿತ್ತು. ಹುಟ್ಟುಹಬ್ಬದ ಬ್ಯಾನರ್ ಇಳಿದರೆ ಹಬ್ಬದ ಶುಭಾಶಯದ ಬ್ಯಾನರ್ ಏರುತ್ತದೆ. ಅದು ಇಳಿದರೆ ಅಭಿನಂದನೆಯದು. ಮುಖ ಬೇರೆ ಬೇರೆ, ಕಂಬ ಅದೇ. ಬ್ಯಾನರ್ ಮುಟ್ಟುವ ಧೈರ್ಯ ಯಾವ ಕಚೇರಿಗೂ ಇಲ್ಲ. ಅದರ ಕೆಳಗೆ ನಿಂತ ಗಾಡಿಯ ಫೋಟೋ ಹೊಡೆಯುವ ಧೈರ್ಯ ಮಾತ್ರ ಎಲ್ಲರಿಗೂ ಇದೆ!

ಇಷ್ಟೆಲ್ಲ ಗೊತ್ತಿದ್ದೂ ನಾನು ಹೇಳಿದ್ದೇನು? "ಮೊದಲ ದಂಡಾ ತುಂಬವಾ ತಂಗಿ, ಆಮ್ಯಾಲ ಅರ್ಜಿ ಕೊಡು."

ಆಕೆ ಸಾಲಿನಲ್ಲಿ ನಿಂತು ತುಂಬಿ, ಕಾಲು ತಾಸಿನಲ್ಲಿ ಪಾವತಿ ತಂದು ತೋರಿಸಿ, ಅಚ್ಚುಕಟ್ಟಾಗಿ ಬರೆದ ಅರ್ಜಿ ಕೊಟ್ಟಳು. ಶಿಕ್ಷಕಿ ತೆಗೆದ ಗುಂಪಿನ ಫೋಟೋ ಒಂದನ್ನೂ ಲಗತ್ತಿಸಿದ್ದಳು. ವ್ಯಾನಿನ ಮುಂದೆ ಸಾಲಾಗಿ ನಿಂತ ಮಕ್ಕಳು, ಹಿಂದೆ ಕೈಮುಗಿದು ನಗುತ್ತಿರುವ ಮುಖಂಡರ ಬ್ಯಾನರ್. ಫಲಕದ ಒಂದು ಮೂಲೆಯೂ ಕಾಣುತ್ತಿರಲಿಲ್ಲ. ನಾನು ಮೊಹರು ಹಾಕಿ ಸ್ವೀಕೃತಿ ಕೊಟ್ಟೆ. ಮೂರು ವಾರಕ್ಕೆ ಆದೇಶ ಬಂತು. ನಿಯಮ ಏಳರ ಮೇರೆಗೆ ತಿರಸ್ಕರಿಸಿದೆ.

ಉಳಿದವರು ಆದೇಶ ತೆಗೆದುಕೊಂಡು, ಒಂದಿಷ್ಟು ಬೈದು ಹೋಗುತ್ತಿದ್ದರು. ಈಕೆ ಹೋಗಲಿಲ್ಲ.

"ಸರ್ರ, ಏಳು ಅಂದ್ರ ಏನೈತ್ರಿ ಅದ್ರಾಗ?"

"ಅದು ನಿಯಮ ತಂಗಿ."

"ನಿಯಮ ಅಂತ ನನಗೂ ಓದಾಕ ಬರ್ತೈತ್ರಿ. ಒಳಗ ಏನ ಬರದಾರ?"

ಅಷ್ಟು ವರ್ಷದಲ್ಲಿ ಇದನ್ನು ಕೇಳಿದವರು ಆಕೆ ಒಬ್ಬಳೇ. ನಾನು ಖಾನೆ ಎಳೆದೆ. ಪುಸ್ತಕ ತೆಗೆದು, ಧೂಳು ಜಾಡಿಸಿ, ಆಕೆಯ ಎದುರಿಗೇ ಓದಿದೆ. ದಂಡವನ್ನು ಆಕ್ಷೇಪಣೆ ಬರೆಯದೆ ಪಾವತಿಸಿದಲ್ಲಿ ತಪ್ಪನ್ನು ಒಪ್ಪಿಕೊಂಡಂತೆ ಭಾವಿಸತಕ್ಕದ್ದು. ಅಂಥ ಪ್ರಕರಣದಲ್ಲಿ ಮೇಲ್ಮನವಿಗೆ ಅವಕಾಶ ಇರುವುದಿಲ್ಲ.

ಓದುತ್ತ ಓದುತ್ತ ನನ್ನ ದನಿ ಸಣ್ಣದಾಯಿತು.

"ಒಪ್ಕೊಂಡಂತೆ? ನಾ ಯಾವಾಗ ಒಪ್ಕೊಂಡೀನ್ರಿ?"

"ದಂಡಾ ತುಂಬೀಯಲ್ಲವಾ..."

"ನೀವ ತುಂಬು ಅಂದ್ರೆಲ್ರಿ!" ಆಕೆಯ ದನಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಇಲ್ಲೇ, ಇದ ಕಿಟಕ್ಯಾಗ ಕುಂತು ಹೇಳೀರಿ. ನಾ ನಿಮ್ಮ ಮಾತ ಕೇಳಿ ತುಂಬೀನಿ. ಈಗ ನಾ ತಪ್ಪ ಮಾಡೀನಂತ ನಾನ ಬರಕೊಟ್ಟಂಗಾತಲ್ರಿ?"

ಆಮೇಲೆ ಕಣ್ಣಲ್ಲಿ ನೀರು ತಂದುಕೊಳ್ಳದೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಅಥಣಿ ರಸ್ತೆಯ ದವಾಖಾನೆಯ ಮುಂದೆ ಅದೇ ವರ್ಷ ಒಂದು ದಂಡ ಬಿದ್ದಿತ್ತು. "ಅದು ನಂದ ತಪ್ಪ ಐತ್ರಿ, ಬೋರ್ಡ್ ಕಂಡೂ ನಿಂದ್ರಿಸಿದ್ದೆ, ಒಪ್ಕೊಂಡ ತುಂಬೀನಿ." ಶಾಲೆಯ ಕರಾರಿನಲ್ಲಿ ಒಂದು ಷರತ್ತು ಇತ್ತು. ವರ್ಷದಲ್ಲಿ ಎರಡು ತಪ್ಪು ದಾಖಲಾದ ಚಾಲಕರಿಗೆ ಮುಂದಿನ ವರ್ಷ ಮಕ್ಕಳನ್ನು ಒಪ್ಪಿಸುವುದಿಲ್ಲ. ಮಕ್ಕಳ ಸುರಕ್ಷತೆಗೆ ಒಳ್ಳೆಯ ಷರತ್ತೇ. ಆದರೆ ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವುದರೊಳಗೆ ಈ ಎರಡನೆಯದು ರದ್ದಾಗದಿದ್ದರೆ ಆಕೆಯ ವ್ಯಾನ್ ಮನೆಯ ಮುಂದೆ ನಿಲ್ಲುತ್ತಿತ್ತು. "ಹೆಣ್ಮಗಳು, ಅದಕ್ಕ ತಪ್ಪ ಮಾಡಿದ್ಲು ಅಂತಾರ್ರಿ. ಇನ್ನೊಬ್ಬಾಕಿಗೂ ಯಾರೂ ಕೀಲಿ ಕೊಡಂಗಿಲ್ಲ" ಎಂದಳು.

ಪುಸ್ತಕದ ಮುಂದಿನ ಪುಟದಲ್ಲಿ ಇನ್ನೊಂದು ಸಾಲಿತ್ತು. ಕಚೇರಿಯವರ ತಪ್ಪು ಮಾಹಿತಿಯಿಂದ ದಂಡ ಪಾವತಿಯಾಗಿದ್ದಲ್ಲಿ, ಸಂಬಂಧಿಸಿದ ನೌಕರನ ಲಿಖಿತ ಹೇಳಿಕೆಯ ಮೇಲೆ, ಮೇಲಿನ ಅಧಿಕಾರಿ ಎರಡನೆಯ ಮೇಲ್ಮನವಿಯನ್ನು ಕೇಳಬಹುದು. ಅಂದರೆ ನಾನು 'ಹೌದು, ಈ ತಪ್ಪು ಮಾತನ್ನು ಹೇಳಿದವನು ನಾನೇ' ಎಂದು ಬರೆದು ಸಹಿ ಹಾಕಬೇಕು. ಆ ಸಂಜೆ ಕಚೇರಿ ಬಿಡುವ ಮುಂಚೆ ಬರೆದುಕೊಟ್ಟೆ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಕಿಟಕಿಯ ಆಚೆ ನಿಂತು ಆಕೆ ನನ್ನನ್ನು ನೋಡಿದ ರೀತಿಗೆ ಬರೆಯದೆ ಮನೆಗೆ ಹೋಗುವುದು ನನ್ನಿಂದ ಆಗಲಿಲ್ಲ.

ಸಾಹೇಬರು ನನ್ನ ಹೇಳಿಕೆ ನೋಡಿ ಕನ್ನಡಕ ತೆಗೆದಿಟ್ಟರು.

"ಬಿರಾದಾರ, ತಲಿ ಕೆಟ್ಟೈತೇನ್ರಿ? ನಿವೃತ್ತಿ ಬಾಗಲಿಗೆ ಬಂದು ನಿಂತೈತಿ. ಈ ಕಾಗದ ಮ್ಯಾಲ ಹೋದ್ರ ನಿಮ್ಮ ಪಿಂಚಣಿ ಕಡತ ಅಲ್ಲೇ ಕುಂಡ್ರತೈತಿ."

"ಕುಂಡ್ರಲಿ ಬಿಡ್ರಿ."

"ಹಂಗಲ್ಲ. ಆ ಹೆಣ್ಮಗಳನ ಕರೀರಿ. ಮಾನವೀಯತೆ ಮ್ಯಾಲ ದಂಡಾ ಮಾಫಿ ಅಂತ ಬರದು ಇವತ್ತ ಕೊಡ್ತೀನಿ. ಬ್ಯಾನರ್ ವಿಷಯ ಬರಂಗಿಲ್ಲ, ನಿಮ್ಮ ವಿಷಯನೂ ಬರಂಗಿಲ್ಲ."

ಕರೆಸಿದೆವು. ಸಾಹೇಬರು ಬಹಳ ಮೃದುವಾಗಿ ಹೇಳಿದರು. ರೇಣುಕಾ ನಿಂತೇ ಕೇಳಿದಳು.

"ಮಾಫಿ ಅಂದ್ರ ನಾ ತಪ್ಪ ಮಾಡೀನಿ, ನೀವು ದೊಡ್ಡ ಮನಸ ಮಾಡಿ ಬಿಟ್ಟೀರಿ ಅಂತ ಆಗ್ತೈತ್ರಿ. ಸಾಲಿಯವ್ರು ತಪ್ಪು ಎಣಸ್ತಾರ್ರಿ, ನಿಮ್ಮ ಮನಸ ಎಣಸಂಗಿಲ್ಲ. ಮಾಫಿ ಕಳ್ಳಗ ಮಾಡ್ರಿ. ನಾ ಏನ ಕದ್ದೀನಿ?"

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. ಕಡತ ತೆಗೆದುಕೊಂಡರು. ಎರಡು ದಿನ ಬಿಟ್ಟು ಅದು ನನ್ನ ಮೇಜಿಗೆ ಬಂತು. ಮೇಲೆ ಪೆನ್ಸಿಲ್‌ನಲ್ಲಿ 'ಚರ್ಚಿಸಿ' ಎಂದಿತ್ತು.

ಆ ಪೆನ್ಸಿಲ್ ಅಕ್ಷರ ನೋಡಿ ನನಗೆ ಬಂದ ಸಿಟ್ಟು ನೌಕರಿಯ ಅಷ್ಟೂ ವರ್ಷದಲ್ಲಿ ಬಂದಿರಲಿಲ್ಲ. ಅವರ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಮೀಟಿಂಗ್ ಮುಗಿಯಲಿ, ಚರ್ಚಿಸುತ್ತೇನೆ ಎಂದೆ. ಮೊದಲ ದಿನ ಹಿಂಬಾಗಿಲಿನಿಂದ ಹೋದರು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಹಿಂಬಾಗಿಲಲ್ಲಿ ಕೂತೆ. ಆಗ ಸಿಕ್ಕರು. ಸ್ಥಳ ಪರಿಶೀಲನೆ ಮಾಡಿಸಿ ಮೇಲೆ ಕಳಿಸಿ ಎಂದು ಕೊನೆಗೂ ಪೆನ್ನಿನಿಂದ ಬರೆದರು.

ಸ್ಥಳ ಪರಿಶೀಲನೆಯ ಪದ್ಧತಿಯನ್ನು ಹೊಸಬರು ಸರಿಯಾಗಿ ತಿಳಿಯಬೇಕು. ನಮ್ಮ ಇನ್ಸ್‌ಪೆಕ್ಟರ್ ಬಂದರು. ಬೈಕನ್ನು ದೂರ ನಿಲ್ಲಿಸಿ, ಅಂಗಡಿಗಳ ಕಟ್ಟೆಯ ಮೇಲೆ ನಡೆದು, ಬ್ಯಾನರಿನ ಹಿಂದೆ ಹೋಗಿ ಕಂಬದ ಮುಂದೆ ನಿಂತರು. ಅಲ್ಲಿಂದ ಫಲಕ ಕಂಡಿತು. 'ಸ್ಥಳದಲ್ಲಿ ನಿಲುಗಡೆ ನಿಷೇಧ ಫಲಕ ಇರುತ್ತದೆ' ಎಂದು ಬರೆದರು. ಸುಳ್ಳೇನಲ್ಲ. "ಬ್ಯಾನರ್ ಅಡ್ಡ ಇರೋದು ಬರೀರಿ" ಎಂದೆ. "ಫಲಕ ಐತೋ ಇಲ್ಲೋ ಅಂತಷ್ಟ ಕೇಳ್ಯಾರ, ಬ್ಯಾನರ್ ಬಗ್ಗೆ ಕೇಳಿಲ್ರಿ" ಎಂದರು. ಪಕ್ಕದಲ್ಲಿ ಆಟಿಕೆ ಮಾರುವ ಅಂಗಡಿಯವನನ್ನು ಪಂಚನಾಗಿ, ಸ್ಥಳದ ಸಾಕ್ಷಿಯಾಗಿ ಸಹಿ ಹಾಕು, ಕಂಡದ್ದು ಕಂಡಹಾಗೆ ಹೇಳು ಎಂದು ಕೇಳಿದೆ. ಆತ ಕೈಮುಗಿದ. "ಅಣ್ಣಾರ, ನಾ ಇಲ್ಲೇ ಅಂಗಡಿ ಇಟ್ಟು ಬಾಳೇವು ಮಾಡಬೇಕ್ರಿ. ಬ್ಯಾನರ್ ಬಗ್ಗೆ ನನ್ನ ಬಾಯಾಗ ಮಾತ ತಗಸಬ್ಯಾಡ್ರಿ." ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಂಬಳ ತೆಗೆದುಕೊಳ್ಳುವ ನಾವೇ ಬಾಯಿ ಬಿಡದಿರುವಾಗ ಅವನ್ಯಾಕೆ ಬಿಟ್ಟಾನು?

ಎರಡನೆಯ ಮೇಲ್ಮನವಿಯ ವಿಚಾರಣೆ ಶಾಲೆ ಶುರುವಾಗುವ ಸೋಮವಾರದ ಹಿಂದಿನ ಶುಕ್ರವಾರಕ್ಕೆ ಬಿತ್ತು. ಕೇಳುವವರು ಮೈಸೂರಿನ ಕಡೆಯಿಂದ ವರ್ಗವಾಗಿ ಬಂದಿದ್ದ ಒಬ್ಬ ಮೇಡಂ. ವಯಸ್ಸು ನನ್ನ ಮಗಳಷ್ಟು. ಮೊದಲು ನನ್ನ ಹೇಳಿಕೆ ಕೈಗೆತ್ತಿಕೊಂಡರು.

"ಇದು ನೀವೇ ಬರೆದಿದ್ದಾ?"

"ಹೌದ್ರಿ."

"ಎಷ್ಟು ಜನಕ್ಕೆ ಹೀಗೆ ಹೇಳಿದ್ದೀರಿ?"

"ಬಂದವ್ರಿಗೆಲ್ಲಾ ಹೇಳೀನ್ರಿ."

ಅವರು ಬೈದಿದ್ದರೆ ಚೆನ್ನಾಗಿತ್ತು. ಸ್ಥಳ ಪರಿಶೀಲನೆಯ ವರದಿ ಓದಿ, ಮಕ್ಕಳ ಗುಂಪಿನ ಫೋಟೋ ನೋಡಿದರು. ಸಾಹೇಬರು ಎದ್ದು ನಿಂತು, "ಮೇಡಂ, ಅದು ಖಾಸಗಿ ಫೋಟೋರಿ. ನಮ್ಮ ಮೊಬೈಲ್ ವ್ಯವಸ್ಥೆಯೊಳಗಿನ ಫೋಟೋ ಅಷ್ಟ ಪರಿಗಣಿಸಬೇಕ್ರಿ. ಫಲಕ ಇರೋದು ವರದಿಯೊಳಗ ಐತಿ" ಎಂದರು.

"ಫಲಕ ಇದೆ ಅಂತ ವರದಿ ಹೇಳ್ತಿದೆ. ಇಲ್ಲ ಅಂತ ನೀವು ಹೇಳ್ತಿದ್ದೀರಿ" ಎಂದು ಮೇಡಂ ರೇಣುಕಾಳ ಕಡೆ ತಿರುಗಿದರು.

"ಇಲ್ಲ ಅಂತ ನಾ ಅಂದಿಲ್ರಿ ಮೇಡಮ್ಮಾರ. ನನಗ ಕಂಡಿಲ್ಲ ಅಂದೀನಿ. ಇನ್ಸ್‌ಪೆಕ್ಟರ್ ಸಾಹೇಬ್ರು ನಡಕೋಂತ ಹೋಗಿ, ಬ್ಯಾನರ್ ಹಿಂದ ನಿಂತು ನೋಡ್ಯಾರ್ರಿ. ನಾ ವ್ಯಾನ್ ಹೊಡೀತೀನ್ರಿ, ಬ್ಯಾನರ್ ಹಿಂದ ಹೆಂಗ ಹೋಗ್ಲಿ? ಗಾಡಿ ಹೊರಗ ನಿಂದ್ರಿಸೀನಿ. ನೀವು ಬಂದು ನನ್ನ ಸೀಟಿನ್ಯಾಗ ಕುಂಡ್ರಿ. ಅಲ್ಲಿಂದ ನಿಮಗ ಬೋರ್ಡ್ ಕಂಡ್ರ ನಾ ಕೀಲಿ ನಿಮ್ಮ ಟೇಬಲ್ ಮ್ಯಾಲ ಇಟ್ಟು ಹೋಗ್ತೀನಿ."

ಇಷ್ಟು ವರ್ಷದಲ್ಲಿ ನೂರಾರು ಸ್ಥಳ ಪರಿಶೀಲನೆಗಳ ಕಡತ ನನ್ನ ಕೈಯಿಂದ ಹೋಗಿವೆ. ಗಾಡಿ ಓಡಿಸುವವರ ಸೀಟಿನಲ್ಲಿ ಕೂತು ನೋಡಬೇಕು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆಯಲಿಲ್ಲವೋ, ಹೊಳೆಯುವುದು ಬೇಡವಾಗಿತ್ತೋ! ಮೇಡಂ ಪೆನ್ನು ಮುಚ್ಚಿ, "ನಡೀರಿ" ಎಂದು ಎದ್ದರು.

ರೇಣುಕಾ ವ್ಯಾನ್ ಓಡಿಸಿದಳು. ನಾವೆಲ್ಲ ಮಕ್ಕಳ ಸಣ್ಣ ಸೀಟುಗಳಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದೆವು. ಸಾಹೇಬರ ಮುಖ ನೋಡುವ ಹಾಗಿರಲಿಲ್ಲ. ಅವತ್ತು ವ್ಯಾನ್ ನಿಂತಿದ್ದ ಜಾಗಕ್ಕೆ ಸ್ವಲ್ಪ ಮೊದಲೇ ಆಕೆ ಗಾಡಿ ನಿಲ್ಲಿಸಿ ಇಳಿದಳು. ಮೇಡಂ ಅವಳ ಸೀಟಿಗೆ ಹತ್ತಿ ಕೂತರು. ಮುಂದಿನ ಗಾಜಿನ ತುಂಬ ಬ್ಯಾನರ್. ಅಷ್ಟರೊಳಗೆ ಹುಟ್ಟುಹಬ್ಬದ್ದು ಹೋಗಿ ಶುಭಾಶಯದ್ದು ಬಂದಿತ್ತು. ಆದರೆ ಅದೇ ಕಂಬ, ಅದೇ ಎತ್ತರ, ಅದೇ ಕೈಮುಗಿದ ನಗು. ಮೇಡಂ ಮುಂದಕ್ಕೆ ಬಗ್ಗಿದರು, ಪಕ್ಕಕ್ಕೆ ವಾಲಿದರು. ಮಕ್ಕಳ ಫೋಟೋ ಎತ್ತಿ ಹಿಡಿದು ಹೋಲಿಸಿದರು. ಅಂಗಡಿಗಳ ಜನ ಸೇರಿದರು. ಆಟಿಕೆಯವನು ಶಟರ್ ಅರ್ಧಕ್ಕೆ ಇಳಿಸಿಕೊಂಡ.

"ಕಾಣಿಸ್ತಿಲ್ಲ" ಎಂದರು ಮೇಡಂ. ಆಮೇಲೆ ನನ್ನ ಕಡೆ ನೋಡಿ, "ಬರ್ಕೊಳ್ಳಿ" ಎಂದರು.

ವ್ಯಾನಿನ ಬಾನೆಟ್ ಮೇಲೆ ಹಾಳೆ ಇಟ್ಟು ಬರೆದೆ. ಚಾಲಕಿಯ ಆಸನದಲ್ಲಿ ಖುದ್ದು ಕುಳಿತು ಪರಿಶೀಲಿಸಲಾಗಿ, ಫಲಕವು ಕಾಣುವುದಿಲ್ಲ. ಯಾಕೆಂದರೆ ಅದಕ್ಕೆ ಅಡ್ಡವಾಗಿ... ಅಲ್ಲಿಗೆ ನನ್ನ ಕೈ ನಿಂತಿತು. ಇಷ್ಟೊತ್ತು ಊರಿಗೆಲ್ಲ ಬೈದವನು ನಾನು. ಸಾಹೇಬರು ಹೇಡಿ, ಇನ್ಸ್‌ಪೆಕ್ಟರ್ ಹೇಡಿ ಎಂದವನು. ಆ ಬ್ಯಾನರಿನ ಮೇಲಿದ್ದ ಹೆಸರನ್ನು ಸರ್ಕಾರಿ ಹಾಳೆಯ ಮೇಲೆ ಬರೆಯುವ ಹೊತ್ತಿಗೆ ನಾನೂ ಹೇಡಿಯೇ ಆದೆ. ಸಾಹೇಬರು ನನ್ನ ಕಿವಿಯ ಹತ್ತಿರ ಬಂದು, "'ಕಾರಣಾಂತರದಿಂದ' ಅಂತ ಹಾಕ್ರಿ, ಸಾಕು" ಎಂದರು.

"ಅಡ್ಡ ಇರೋದು ಏನು ಅಂತ ಬರೀರಿ" ಎಂದರು ಮೇಡಂ. "ಯಾರದು ಅಂತಾನೂ ಬರೀರಿ. ಅನುಮತಿ ಪಡೆದಿದ್ದಾರಾ ಅಂತ ಕೇಳಿ ಒಂದು ಪತ್ರನೂ ಹೋಗ್ಲಿ. ಸಹಿ ಮಾಡೋಳು ನಾನು, ನಿಮಗೇನು?"

ರೇಣುಕಾ ನನ್ನ ಕೈಯನ್ನೇ ನೋಡುತ್ತಿದ್ದಳು. ಬರೆದೆ. ಹೆಸರು ಸಹಿತ ಬರೆದೆ. ಆದ್ದರಿಂದ ಚಾಲಕಿಯ ತಪ್ಪು ಇರುವುದಿಲ್ಲ, ದಂಡವನ್ನು ರದ್ದುಪಡಿಸಿದೆ, ತಪ್ಪಿನ ದಾಖಲೆಯನ್ನು ತೆಗೆದುಹಾಕತಕ್ಕದ್ದು. ಮೇಡಂ ಅಲ್ಲೇ ಸಹಿ ಹಾಕಿದರು. ಕಚೇರಿಗೆ ಬಂದು ಆದೇಶಕ್ಕೆ ಜಾವಕ ಸಂಖ್ಯೆ, ಅಂದರೆ ಹೊರಹೋಗುವ ಕಾಗದದ ನಂಬರ್ ಹಾಕಿಸಬೇಕೆಂದರೆ, ಅದನ್ನು ಹಾಕುವ ಗುಮಾಸ್ತ ಅರ್ಧ ದಿನ ರಜೆ ಹಾಕಿ ಹೋಗಿದ್ದ. ಸೋಮವಾರ ಬನ್ನಿ ಎಂದು ಹೇಳಲು ಹೊರಟ ಪಕ್ಕದ ಮೇಜಿನವನ ಮೇಲೆ ನಾನು ಕೂಗಿದ ಕೂಗಿಗೆ ಇಡೀ ಕಚೇರಿ ಎದ್ದು ನಿಂತಿತು. ಅವನೇ ಕಪಾಟು ತೆರೆದು ಪುಸ್ತಕ ಕೊಟ್ಟ. ಸಂಖ್ಯೆ ಬಿತ್ತು. ರೇಣುಕಾ ಅಲ್ಲಿಂದ ನೇರವಾಗಿ ಶಾಲೆಗೆ ಹೋದಳು. ಅಲ್ಲಿನವರು ಎರಡು ಸಲ ಓದಿ, ಕರಾರಿಗೆ ಸಹಿ ಹಾಕಿಕೊಟ್ಟರಂತೆ.

ನನಗೆ ನೋಟಿಸ್ ಬಂತು. ಸಾರ್ವಜನಿಕರಿಗೆ ತಪ್ಪು ಮಾಹಿತಿ ನೀಡಿದ ಬಗ್ಗೆ ವಿವರಣೆ ಕೊಡಿ ಎಂದು. ಕೊಟ್ಟೆ. ಪಿಂಚಣಿ ಕೆಲವು ತಿಂಗಳು ತಡವಾಗಿ ಶುರುವಾಯಿತು. ಹೆಂಡತಿ ಒಂದಿಷ್ಟು ದಿನ ಮಾತಾಡಲಿಲ್ಲ. ಅದನ್ನೆಲ್ಲ ಹೇಳಿ ಹೊಗಳಿಸಿಕೊಳ್ಳುವ ಮನಸ್ಸು ನನಗಿಲ್ಲ. ನಾನು ಮಾಡಿದ ತಪ್ಪಿಗೆ ಅದು ಬಹಳ ಅಗ್ಗವಾಯಿತು.

ಶಾಲೆ ಶುರುವಾದ ಆ ಸೋಮವಾರ ಬೆಳಗ್ಗೆ ಜಲನಗರದ ನಮ್ಮ ಓಣಿಯ ತಿರುವಿನಲ್ಲಿ ಹೋಗಿ ನಿಂತೆ. ಆಕೆಯ ವ್ಯಾನ್ ಆ ದಾರಿಯಲ್ಲೇ ಬರುತ್ತದೆಂದು ಗೊತ್ತಿತ್ತು. ನಿಜ ಹೇಳಬೇಕೆಂದರೆ, ಒಂದು ಥ್ಯಾಂಕ್ಸ್ ಸಿಗುತ್ತದೆ ಎಂಬ ಆಸೆಯಿತ್ತು. ವ್ಯಾನ್ ಬಂತು. ಒಳಗೆ ಹೊಸ ಚೀಲ, ಹೊಸ ಬೂಟಿನ ಮಕ್ಕಳು ಗದ್ದಲ ಹಾಕುತ್ತಿದ್ದರು. ಆಕೆ ನನ್ನನ್ನು ನೋಡಿ ಗಾಡಿ ನಿಧಾನ ಮಾಡಿ ನಿಲ್ಲಿಸಿದಳು.

"ಸಾಲಿಯವ್ರು ಒಪ್ಪಿದ್ರೇನವಾ?" ಎಂದೆ, ಗೊತ್ತಿದ್ದೂ.

"ಒಪ್ಪ್ಯಾರ್ರಿ."

"ಚಲೋ ಆತು ನೋಡು. ನ್ಯಾಯ ಸಿಕ್ತಲ್ಲ."

ಆಕೆ ನಗಲಿಲ್ಲ. ಎರಡೂ ಕೈ ಸ್ಟೇರಿಂಗ್ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡಿದಳು.

"ನನಗ ಸಿಕ್ತ್ರಿ ಸರ್ರ. ನಾ ಏಳು ಅಂದ್ರ ಏನು ಅಂತ ಕೇಳಿದೆ, ಸಿಕ್ತು. ನನಗಿಂತ ಮೊದಲ ನಿಮ್ಮ ಮಾತ ಕೇಳಿ ತುಂಬಿದವ್ರು, ತುಂಬಿ ಸುಮ್ಮ ಮನಿಗೆ ಹೋದವ್ರು, ಅವ್ರಿಗೇನ್ರಿ?"

ಹಿಂದೆ ಒಂದು ಮಗು, "ಆಂಟಿ, ಬೆಲ್ ಹೊಡೀತೈತ್ರಿ" ಎಂದು ಕೂಗಿತು. ಆಕೆ ಕನ್ನಡಿ ನೋಡಿಕೊಂಡು ಗೇರ್ ಹಾಕಿ ಹೋದಳು.